ನಡುರಸ್ತೆಯಲ್ಲಿ ನಿಲ್ಲುವಷ್ಟು ಜಾಗ

ರಸ್ತೆ ಇಂಜಿನಿಯರ್ ಆಗಿದ್ದೆ ಎಂದು ಹೇಳಿದರೆ ಸಾಕು, ಎದುರಿಗಿದ್ದವರು ತಮ್ಮ ಓಣಿಯ ಗುಂಡಿಯ ಸುದ್ದಿ ತೆಗೆಯುತ್ತಾರೆ. ಮದುವೆಯಲ್ಲಿ ಊಟಕ್ಕೆ ಕೂತರೂ ಬಿಡುವುದಿಲ್ಲ, ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಈಗೀಗ ನಾನೇ ತಿರುಗಿ ಕೇಳುತ್ತೇನೆ: "ಗುಂಡಿ ಇರಲಿ, ನೀವು ಆ ರಸ್ತಾ ಹ್ಯಾಂಗ ದಾಟ್ತೀರಿ ಅದನ್ನ ಹೇಳ್ರಿ." ದಿನಾ ಮಾಡುವ ಕೆಲಸ, ಆದರೆ ಹೇಗೆ ಮಾಡುತ್ತೇವೆ ಎಂದು ಯಾರೂ ಗಮನಿಸಿರುವುದಿಲ್ಲ.

ನನ್ನ ಅಣ್ಣನ ಮಗಳು ಈಚೆಗೆ ನಾನಿದ್ದ ಇಲಾಖೆಗೇ ಸೇರಿದಳು. ಆದೇಶ ಬಂದ ದಿನ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದು, "ಅತ್ತಿ, ಕೆಲಸ ಹ್ಯಾಂಗಿರ್ತದ?" ಎಂದು ಕೇಳಿದಳು. ಬಾಯಿ ತುಂಬ ಪೇಢೆ ಇತ್ತು, ಹೇಳಲಾಗಲಿಲ್ಲ. ಅವಳಿಗೂ ಅವಳ ಜೊತೆಯವರಿಗೂ ಎಂದು ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಅದು ಆಫೀಸಿನ ಕಪಾಟಿನಲ್ಲಿದೆ, ಅಲ್ಲೂ ಯಾರೂ ಓದುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಚಿಕ್ಕಂದಿನಿಂದ ಒಂದು ಚಾಳಿ, ಜನ ಏನಾದರೂ ವಿಚಿತ್ರವಾಗಿ ಮಾಡಿದರೆ ಅದು ಯಾಕೆ ಎಂದು ತಿಳಿಯುವ ತನಕ ಕಾಲು ಮುಂದೆ ಹೋಗುವುದಿಲ್ಲ. ಅವ್ವನಿಂದ ಇದಕ್ಕಾಗಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಇಲಾಖೆಯಲ್ಲಿ ಮಾತ್ರ ಅದೇ ಚಾಳಿ ಅನ್ನಕ್ಕೆ ದಾರಿಯಾಯಿತು.

ಮೊದಲು ನನ್ನನ್ನು ಕೆಲಸಕ್ಕೆ ಹಾಕಿದ್ದು ಬೀದರ್ ಜಿಲ್ಲೆಯ ಔರಾದಿಗೆ. ಬಸ್‌ಸ್ಟ್ಯಾಂಡಿನ ಮುಂದಿನ ರಸ್ತೆಯನ್ನು ಅಗಲ ಮಾಡಿ ಡಾಂಬರು ಹಾಕಿದ್ದೆವು. ಜನ ದಾಟಲು ಅನುಕೂಲವಾಗಲಿ ಎಂದು ಅಡ್ಡಲಾಗಿ ಬಿಳಿ ಪಟ್ಟೆ ಬಳಿಯಿರಿ ಎಂದು ಮೇಲಿನಿಂದ ಹೇಳಿ ಬಂತು. ನಾನೇ ಮುಂದೆ ನಿಂತು ಬಳಿಸಿದೆ. ಅಂಚು ಒಂದಿಷ್ಟೂ ಸೊಟ್ಟಗಾಗದಂತೆ ದಾರ ಹಿಡಿಸಿದೆ. ಕೆಲಸ ಮುಗಿದ ಮೇಲೆ ಎದುರಿನ ಹೋಟೆಲಿನಲ್ಲಿ ಮಂಡಕ್ಕಿಯ ಸುಸಲಾ ತಿನ್ನುತ್ತ, ಜನ ಅದರ ಮೇಲೆ ನಡೆಯುವ ಚೆಂದ ನೋಡೋಣ ಎಂದು ಕೂತೆ.

ಯಾರೂ ನಡೆಯಲಿಲ್ಲ. ಪಟ್ಟೆಯ ತನಕ ಬಂದವರು ಅಲ್ಲಿ ನಿಂತು, ಸೀರೆಯ ನೆರಿಗೆ ಎತ್ತಿ ಹಿಡಿದು, ಅದನ್ನು ಬಳಸಿಕೊಂಡು ಹೋದರು. ಒಬ್ಬಾತ ತನ್ನ ಮಗಳ ಕಾಲು ಎಲ್ಲಿ ಬೀಳುತ್ತದೋ ಎಂದು ಅವಳನ್ನು ಎತ್ತಿಕೊಂಡು ಸುತ್ತು ಹಾಕಿದ. ಬಣ್ಣ ಇನ್ನೂ ಹಸಿ ಇದೆ ಎಂದುಕೊಂಡಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಮರುದಿನವೂ ಅದೇ. ಕಡೆಗೆ ಒಬ್ಬ ಮುದುಕಿಯನ್ನು ತಡೆದು, "ಆಯಿ, ಅದರ ಮ್ಯಾಲಿಂದ ಯಾಕ ಹೋಗ್ಲಿಲ್ಲ?" ಎಂದು ಕೇಳಿದೆ.

"ಅಷ್ಟು ಛಂದ ರಂಗೋಲಿ ಹಾಕ್ಯಾರ, ಹ್ಯಾಂಗ ತುಳೀಬೇಕವ್ವ?" ಎಂದಳು. ಆಮೇಲೆ ದನಿ ತಗ್ಗಿಸಿ, "ಯಾವ ಮಂತ್ರಿ ಬರ್ಲತ್ತಾನ?" ಎಂದು ನನ್ನನ್ನೇ ಕೇಳಿದಳು.

ಜನ ಬಳಸಿಕೊಂಡು ಹೋದರೆ ಜೀಪಿನವರು ಸುಮ್ಮನಿರಲಿಲ್ಲ. ಸಂಜೆ ಹೊತ್ತಿಗೆ ಪಟ್ಟೆಯ ಮೇಲೆ ಜೀಪುಗಳು ಸಾಲಾಗಿ ನಿಂತಿದ್ದವು. ಗೆರೆ ಹಾಕಿ ಜಾಗ ಹಂಚಿಕೊಟ್ಟಿದ್ದಾರೆ ಎಂದು ಅವರು ತಿಳಿದಿದ್ದರು. ಒಬ್ಬ ಡ್ರೈವರ್ ನನ್ನ ಹತ್ತಿರ ಬಂದು, "ಛಲೋ ಕೆಲಸ ಮಾಡಿದ್ರಿ ಬಾಯಾರ, ಮೊದಲು ಜಾಗಾಕ್ಕ ದಿನಾ ಜಗಳ ಆಗ್ತಿತ್ತು" ಎಂದು ಕೈ ಮುಗಿದ. ಆಗ ನನ್ನ ಮೇಲಧಿಕಾರಿಯಾಗಿದ್ದವರು ಬೀದರಿನವರೇ ಆದ ಹಿರಿಯ ಇಂಜಿನಿಯರು. ಅವರು ಈ ಸುದ್ದಿ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಇನ್ನು ಮ್ಯಾಲ ಏನರೆ ಮಾಡಿದ ಮರುದಿನ ಹೋಗಿ ನೋಡು. ಮಾಡಿದ ದಿನ ಎಲ್ಲಾ ಛಂದೇ ಇರ್ತದ" ಎಂದರು. ನನಗೆ ಸಿಕ್ಕ ತರಬೇತಿಗಳಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಆಮೇಲೆ ಭಾಲ್ಕಿ. ಅಲ್ಲಿ ಬಜಾರಿನ ಗಟಾರದ ಮೇಲೆ ಕಲ್ಲು ಹಾಸಿ ಫುಟ್‌ಪಾತ್ ಮಾಡಿದ್ದೆವು. ಮೋಟಾರ್‌ಸೈಕಲ್ ಹತ್ತಬಾರದು ಎಂದು ಅದನ್ನು ಮೊಣಕಾಲೆತ್ತರ ಎಬ್ಬಿಸಿದ್ದರು. ಮೋಟಾರ್‌ಸೈಕಲ್ ಹತ್ತಿದವು. ಅಂಗಡಿಯವರು ಒಂದು ಹಲಗೆ ಇಳಿಬಿಟ್ಟರೆ ಮುಗಿಯಿತು. ಹತ್ತಲಾಗದೆ ಉಳಿದವರು ನಡೆಯುವವರು ಮಾತ್ರ.

ಇವರು ಯಾಕೆ ಮೇಲೆ ನಡೆಯುವುದಿಲ್ಲ ಎಂದು ನನ್ನ ತಲೆಗೆ ಮತ್ತೆ ಹುಳ ಹೊಕ್ಕಿತು. ಚೀಲ ಹಿಡಿದ ಒಬ್ಬರ ಹಿಂದೆ ಸ್ವಲ್ಪ ದೂರ ಬಿಟ್ಟು ನಡೆದೆ. ಅವರು ಹತ್ತಿದರು, ಕಂಬ ಬಂತು, ಇಳಿದರು. ಹತ್ತಿದರು, ಅಂಗಡಿಯ ಬೋರ್ಡ್ ಬಂತು, ಇಳಿದರು. ಮೂರನೇ ಸಲ ಹತ್ತಲೇ ಇಲ್ಲ, ಲಾರಿಗಳ ಪಕ್ಕದಲ್ಲೇ ನಡೆದರು. ಹೀಗೆ ಹಲವರ ಬೆನ್ನು ಬಿದ್ದೆ. ಒಬ್ಬ ಕಾಳಿನ ವ್ಯಾಪಾರಿ ಗಕ್ಕನೆ ನಿಂತು ತಿರುಗಿ, "ಬಾಯಾರ, ನಾ ಹೆಣ್ತಿ ಬಾಲಬಚ್ಚೆ ಇದ್ದಾಂವ. ನಿಮಗ ಏನ್ ಬೇಕಾಗಿತ್ತು?" ಎಂದುಬಿಟ್ಟ. ಇಲಾಖೆಯ ಕೆಲಸ ಎಂದರೆ ಅವನು ನಂಬಲಿಲ್ಲ. ಅಳೆಯುವ ಟೇಪು ತೋರಿಸಿದ ಮೇಲೆ ಬಿಟ್ಟ.

ಆ ಬಜಾರಿನಲ್ಲಿ ಮೊಣಕಾಲು ನೋವಿನ ಒಬ್ಬ ಹಿರಿಯ ದರ್ಜಿ ಇದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಫುಟ್‌ಪಾತ್ ಹೇಗಿದೆ ಎಂದು ಕೇಳಿದ್ದಕ್ಕೆ ಅವರು ಹೊಲಿಗೆ ನಿಲ್ಲಿಸದೇ ಹೇಳಿದರು: "ಬೇಟಿ, ಇದು ಫುಟ್‌ಪಾತ್ ಅಲ್ಲ, ನಮ್ಮ ಬೀದರ್ ಕಿಲ್ಲಾದ ದಿವಾರ ಅದ. ಮಾಡಿದ್ದು ಮಾಡೀರಿ, ಒಂದು ನಿಚ್ಚಣಿಕೀನೂ ಕೊಟ್ಟುಬಿಡ್ರಿ."

ಮುಂದೆ ಸ್ವಲ್ಪ ದೂರದ ತನಕ ಅದನ್ನು ಒಡೆಸಿ, ಒಂದು ಮೆಟ್ಟಿಲಿನಷ್ಟಕ್ಕೆ ಇಳಿಸಿದೆವು. ಅಷ್ಟು ದೂರ ಮಾತ್ರ ಜನ ಮೇಲೆ ನಡೆದರು. ಚಾಚಾ ನಡೆದು ತೋರಿಸಿದರು, ಆದರೆ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡೇ.

ಈಗಿನವರಿಗೆ ತಮಾಷೆ ಅನ್ನಿಸಬಹುದು. ನಾವು ರಸ್ತೆಯ ಅಳತೆ ತೆಗೆಯುತ್ತಿದ್ದದ್ದು ಚೈನು ಎಳೆದು. ಬಿಸಿಲಿನಲ್ಲಿ ಹೆಜ್ಜೆ ಹೆಜ್ಜೆಗೂ ನಿಲ್ಲಬೇಕಾದ್ದರಿಂದ ಯಾರ ಮನೆಯ ಬಾಗಿಲು ಎಲ್ಲಿದೆ, ಯಾವ ಮರದ ಕೆಳಗೆ ಜನ ಕೂರುತ್ತಾರೆ ಎನ್ನುವುದು ಬೇಡ ಅಂದರೂ ತಿಳಿಯುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು. ಗೆರೆ ನೆಟ್ಟಗಾಯಿತು, ಕೆಲಸ ಬೇಗ ಆಯಿತು, ನನ್ನ ಬೆನ್ನು ಉಳಿಯಿತು. ಅದನ್ನು ಬೈಯುವವಳು ನಾನಲ್ಲ. ಆದರೆ ವಾಹನಗಳ ಎಣಿಕೆಗೆ ಕೂತವರಿಗೆ ಲಾರಿ ಎಣಿಸಿ, ಕಾರು ಎಣಿಸಿ, ಎತ್ತಿನ ಗಾಡಿ ಎಣಿಸಿ ಎಂದು ಹೇಳುತ್ತಿದ್ದೆವು. ನಡೆದು ಹೋಗುವವರನ್ನು ಎಣಿಸಿ ಎಂದು ಚೈನಿನ ಕಾಲದಲ್ಲೂ ಯಾರೂ ಹೇಳಲಿಲ್ಲ, ಕಂಪ್ಯೂಟರಿನ ಕಾಲದಲ್ಲೂ ಹೇಳಲಿಲ್ಲ.

ಇನ್ನು ಬೀದರಿನ ಸಂಗತಿ. ನಾನು ಹೇಳಬೇಕೆಂದು ಕೂತಿದ್ದೇ ಇದನ್ನು.

ಕೋಟೆಯೊಳಗಿನ ಹಳೆಯ ಓಣಿಗಳಲ್ಲಿ ಕಾರೇ ಅಂಜಿಕೊಂಡು ಹೋಗಬೇಕು. ಹೊರಗಿನ ಹೊಸ ರಸ್ತೆಗಳಲ್ಲಿ ಅಂಜುವ ಸರದಿ ಮನುಷ್ಯರದು. ಅಂಥ ಒಂದು ರಸ್ತೆಯನ್ನು ಅಗಲ ಮಾಡಿ ನಡುವೆ ಡಿವೈಡರ್ ಕಟ್ಟಿದ್ದೆವು. ಗಾಡಿಗಳು ಹಾರಿದಂತೆ ಓಡತೊಡಗಿದವು. ಒಂದು ಓಣಿಯ ಎದುರಿಗೆ ಡಿವೈಡರಿನಲ್ಲಿ ಜನ ನುಸುಳುವಷ್ಟು ಸಂದು ಬಿಟ್ಟಿದ್ದೆವು. ಆ ಸಂದಿನ ಹತ್ತಿರ ಒಂದು ಜೀಪು ರತ್ನಮ್ಮ ಎನ್ನುವವಳಿಗೆ ಬಡಿಯಿತು. ಜೀವ ಉಳಿಯಿತು, ಕಾಲು ಮುರಿಯಿತು.

ಕೆಲವು ತಿಂಗಳ ಮೇಲೆ ಮೈಸೂರು ಕಡೆಯ ಸಾಹೇಬರೊಬ್ಬರು ನಮ್ಮ ಕಚೇರಿಗೆ ಬಂದು, ಆ ಅಪಘಾತದ ಫೈಲು ತೆಗೆಸಿದರು. ಕೆಲಸದಲ್ಲಿ ಚುರುಕು, ನೇರ ಮನುಷ್ಯ, ಮೂಗಿನ ಮೇಲೆ ಕೋಪ. ನನ್ನನ್ನು ಕರೆದು, "ಆ ಸಂದು ಮುಚ್ಚಿಸಿ. ಉದ್ದಕ್ಕೂ ಗ್ರಿಲ್ ಹಾಕ್ಸಿ. ಜನ ಸರ್ಕಲ್‌ಗೆ ಹೋಗಿ ದಾಟ್ಲಿ" ಎಂದರು.

"ಅಲ್ಲೇ ಯಾಕ ದಾಟ್ತಾರಂತ ಒಂದೀಟು ನೋಡ್ತೇನಿ ಸರ್" ಎಂದೆ.

"ಸೋಮಾರಿತನ. ಇನ್ನೇನು ನೋಡ್ತೀರಾ?"

ನಾನು ಮೇಜಿನ ಮುಂದಿನಿಂದ ಸರಿಯಲಿಲ್ಲ. ಅವರು ನಿಟ್ಟುಸಿರುಬಿಟ್ಟು, "ಹದಿನೈದು ದಿನ. ಆಮೇಲೆ ಗ್ರಿಲ್" ಎಂದರು.

ಮೊದಲು ರತ್ನಮ್ಮನ ಮನೆಗೆ ಹೋದೆ. ಅವಳೂ ಅವಳ ವೈನಿ, ಅಂದರೆ ಅಣ್ಣನ ಹೆಂಡತಿ, ನಾಗಮ್ಮನೂ ಸೇರಿ ಜೋಳದ ರೊಟ್ಟಿ ಬಡಿದು, ಬುಟ್ಟಿಯಲ್ಲಿ ಹೊತ್ತು, ರಸ್ತೆಯ ಆಚೆಗಿನ ಖಾನಾವಳಿಗಳಿಗೆ ಕೊಡುವವರು. ಈಗ ರತ್ನಮ್ಮ ಒಲೆಯ ಮುಂದೆ ಒಂದು ಕಾಲು ಚಾಚಿ ಕೂತು ಬರೀ ಬಡಿಯುತ್ತಿದ್ದಳು. ಇಬ್ಬರ ಹೊರೆಯನ್ನೂ ನಾಗಮ್ಮ ಒಬ್ಬಳೇ ಹೊರುತ್ತಿದ್ದಳು.

"ಕಾಲು ಹ್ಯಾಂಗದ?" ಎಂದೆ.

"ಕಾಲು ಬಂದದರಿ ಬಾಯಾರ, ಧೈರ್ಯ ಬಂದಿಲ್ಲ" ಎಂದಳು ರತ್ನಮ್ಮ. "ಓಣಿ ಬಾಯಿ ತನಕ ಹೋಗ್ತೇನಿ, ಗಾಡಿ ಸಪ್ಪಳ ಕೇಳಿ ತಿರುಗಿ ಬರ್ತೇನಿ. ದವಾಖಾನಿ ಆ ಕಡಿ, ಬಜಾರ ಆ ಕಡಿ, ನಮ್ಮ ಅಕ್ಕನ ಮನಿ ಆ ಕಡಿ. ಬೀದರ್ ಅನ್ನೂದೇ ಆ ಕಡಿ ಅದರಿ. ನಾ ಈ ಕಡಿ ಕುಂತೇನಿ."

ಆ ಮಾತು ನನ್ನನ್ನು ಹಿಡಿದು ಅಲ್ಲಾಡಿಸಿತು. ಗ್ರಿಲ್ ಬಿದ್ದರೆ ಇವಳು ಇನ್ನು ಆ ಕಡೆಗೆ ಹೋಗುವುದೇ ಇಲ್ಲ. ಗ್ರಿಲ್ ಹಾಕದಿದ್ದರೆ ನಾಗಮ್ಮನಿಗೂ ಇದೇ ಗತಿ ಬಂದೀತು. ಸರ್ಕಲ್ಲನ್ನೂ ನಡೆದು ನೋಡಿಬಂದೆ. ಅಲ್ಲಿ ಗಾಡಿಗಳು ಯಾವ ದಿಕ್ಕಿನಿಂದ ಬರುತ್ತವೆ ಎಂದು ಬರಿಗೈಯಲ್ಲಿದ್ದ ನನಗೇ ತಿಳಿಯಲಿಲ್ಲ.

ಸಂದಿನ ಎದುರಿನ ಚಹಾದಂಗಡಿಯಲ್ಲಿ ಠಿಕಾಣಿ ಹೂಡಿದೆ. ನೋಡುತ್ತ ನೋಡುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಬರಿಗೈಯವರು ಅರ್ಧ ದಾಟಿ, ಡಿವೈಡರಿನ ಹತ್ತಿರ ನಿಂತು, ಕತ್ತು ಹೊರಳಿಸಿ ಆ ಕಡೆಯ ಗಾಡಿ ನೋಡಿ, ಉಳಿದರ್ಧ ದಾಟುತ್ತಿದ್ದರು. ತಲೆಯ ಮೇಲೆ ಹೊರೆ ಇದ್ದವರು ಯಾರೂ ನಡುವೆ ನಿಲ್ಲುತ್ತಿರಲಿಲ್ಲ. ನಾಗಮ್ಮನಾಗಲಿ, ಮನ್ನಳ್ಳಿಯಿಂದ ತರಕಾರಿ ತರುವ ಹೆಂಗಸರಾಗಲಿ, ಎರಡೂ ಕಡೆಯನ್ನು ಒಂದೇ ಬೀಸಿನಲ್ಲಿ ದಾಟಿಬಿಡುತ್ತಿದ್ದರು. ಬ್ರೇಕ್ ಹಾಕಿದ ಡ್ರೈವರುಗಳು ಬಾಯಿಗೆ ಬಂದಂತೆ ಬೈಯುತ್ತಿದ್ದರು.

"ನಾಗಮ್ಮ, ನಡುವ ಯಾಕ ನಿಂದ್ರಲ್ಲ?" ಎಂದು ಕೇಳಿದೆ.

"ಯಾರಿಗ್ಗೊತ್ತ್ರಿ. ಕಾಲು ನಿಂದ್ರಂಗಿಲ್ಲ ನೋಡ್ರಿ, ಹಂಗೇ ಹೋಗಿಬಿಡ್ತೇನಿ."

ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾನೇ ಹೊರೆ ಹೊತ್ತು ನೋಡದೆ ತಿಳಿಯುವ ಮಾತಲ್ಲ ಎಂದು ನನ್ನ ತಲೆಯ ಮೇಲೆ ಬುಟ್ಟಿ ಇಡಲು ಹೇಳಿದೆ. ನಾಗಮ್ಮ ಮೊದಲು ನಕ್ಕಳು, ಆಮೇಲೆ ಬಟ್ಟೆ ಸುತ್ತಿ ಸಿಂಬಿ ಮಾಡಿ ನನ್ನ ತಲೆಯ ಮೇಲಿಟ್ಟು, ಅದರ ಮೇಲೆ ಬುಟ್ಟಿ ಏರಿಸಿದಳು. ಗಾಡಿ ಇಲ್ಲದ ಹೊತ್ತು ನೋಡಿ ಅರ್ಧ ರಸ್ತೆ ದಾಟಿ ಡಿವೈಡರಿನ ಸಂದಿನಲ್ಲಿ ನಿಂತೆ. ಆ ಕಡೆ ನೋಡಬೇಕು, ಕತ್ತು ಹೊರಳುವುದಿಲ್ಲ. ಹೊರೆ ಹೊತ್ತವರು ಕತ್ತು ತಿರುಗಿಸುವುದಿಲ್ಲ, ಮೈಯನ್ನೇ ತಿರುಗಿಸುತ್ತಾರೆ. ಮೈ ತಿರುಗಿಸಿದೆ. ಡಿವೈಡರ್ ನನ್ನ ಪಾದದಷ್ಟು ಅಗಲ, ಬುಟ್ಟಿ ಅದರ ಎರಡು ಪಟ್ಟು. ಬುಟ್ಟಿಯ ಅಂಚು ಆ ಕಡೆಯ ರಸ್ತೆಯ ಮೇಲೆ ಚಾಚಿಕೊಂಡಿತು. ಒಂದು ಬಸ್ಸು ಅದಕ್ಕೆ ತಗುಲಿದಂತೆಯೇ ಹೋಯಿತು. ಅದರ ಗಾಳಿಗೆ ನಾನು ವಾಲಿದೆ, ಬುಟ್ಟಿ ಮಗುಚಿತು, ರೊಟ್ಟಿಗಳೆಲ್ಲ ಡಾಂಬರಿನ ಮೇಲೆ ಹರಡಿದವು.

ಇಂಥ ಹೊತ್ತಿಗೇ ಸಾಹೇಬರ ಜೀಪು ಬರಬೇಕೇ! ಇಳಿದವರು ನನ್ನನ್ನೂ ರೊಟ್ಟಿಗಳನ್ನೂ ನೋಡಿದರು.

"ಏನ್ರೀ ಮೇಡಂ, ಇದೇನಾ ನೀವು ನೋಡ್ತಾ ಇರೋದು?"

ಒಂದೇ ಉಸಿರಿನಲ್ಲಿ ಹೇಳಿದೆ: "ಸರ್, ಹೊರಿ ಹೊತ್ತವರಿಗೆ ಇಲ್ಲಿ ನಿಂದ್ರಲಿಕ್ಕೆ ಜಾಗಾನೇ ಇಲ್ಲ. ಅದಕ್ಕೇ ಒಂದೇ ಸಲ ಎರಡೂ ಕಡಿ ದಾಟ್ತಾರ."

ಅವರು ಡ್ರೈವರನಿಂದ ಟೇಪು ತರಿಸಿಕೊಂಡು, ನಾಗಮ್ಮನ ತಲೆಯ ಮೇಲೆ ಖಾಲಿ ಬುಟ್ಟಿ ಇಡಿಸಿ, ಅದರ ಅಗಲವನ್ನು ತಾವೇ ಅಳೆದರು. ನಾಗಮ್ಮ ಗಾಬರಿಯಾಗಿ ನನ್ನ ಕಡೆ ತಿರುಗಿ, "ಬಾಯಾರ, ಸಾಹೇಬ್ರು ಬುಟ್ಟಿ ಜಪ್ತಿ ಮಾಡ್ತಾರೇನ್ರಿ?" ಎಂದಳು. ಕಾರಿನ ಉದ್ದ, ಲಾರಿಯ ಅಗಲ ನಮ್ಮಂಥವರಿಗೆ ಬಾಯಿಪಾಠ. ಬುಟ್ಟಿಯನ್ನು ಅಳೆದ ಸಾಹೇಬರನ್ನು ನಾನು ಕಂಡದ್ದು ಅದೊಂದೇ ಸಲ. ಅಂದಿನಿಂದ ಅವರ ಕೋಪವನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಖಾನಾವಳಿಗಳಲ್ಲಿ ಆ ದಿನ ಎಲ್ಲರಿಗೂ ಅನ್ನವೇ ಊಟವಾಯಿತು, ಬೈಗುಳ ನಾಗಮ್ಮನಿಗೆ ಬಿತ್ತು.

ಸಿಮೆಂಟು ಹಾಕುವ ಮೊದಲು ಪರೀಕ್ಷೆ ಮಾಡೋಣ ಎಂದರು ಸಾಹೇಬರು. ಸಂದಿನ ಎರಡೂ ಬದಿಗೆ ಮರಳಿನ ಚೀಲ, ಬಣ್ಣ ಬಳಿದ ಡ್ರಮ್ಮು ಇಟ್ಟು, ನಡುವೆ ಹೊರೆ ಹೊತ್ತ ನಾಲ್ಕೈದು ಜನ ನಿಂತು ತಿರುಗುವಷ್ಟು ಜಾಗ ಮಾಡಿದೆವು. ಆ ಜಾಗವನ್ನು ಗಾಡಿಗಳ ದಾರಿಯಿಂದಲೇ ಕಿತ್ತುಕೊಳ್ಳಬೇಕಾಯಿತು. ಹೊಸ ಕಾರು ಕೊಂಡಿದ್ದ ಬಟ್ಟೆ ವ್ಯಾಪಾರಿಯೊಬ್ಬರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮೊದಲು ದೊಡ್ಡದು ಮಾಡ್ತೀರಿ, ಆಮ್ಯಾಲ ಸಣ್ಣದು ಮಾಡ್ತೀರಿ. ನಿಮಗ ಬ್ಯಾರೆ ಕೆಲಸ ಇಲ್ಲೇನ್ರಿ?" ಎಂದರು. ಹಾಗೆ ಕೇಳಬೇಕೆಂದರೆ ಅವರು ಕಾರನ್ನು ನಿಧಾನ ಮಾಡಬೇಕಾಗಿತ್ತು. ದಾರಿ ಕಿರಿದಾದರೆ ವೇಗ ತಾನಾಗಿ ಇಳಿಯುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಅಲ್ಲೇ.

"ಜನ ಅಲ್ಲಿ ನಿಲ್ಲೋದು ನನಗೆ ಕಾಣಬೇಕು. ಇಲ್ದಿದ್ರೆ ಗ್ರಿಲ್" ಎಂದು ಸಾಹೇಬರು ಮತ್ತೆ ಹೇಳಿದರು.

ಮರುದಿನ ನಾಗಮ್ಮ ಬುಟ್ಟಿ ಹೊತ್ತು ಬಂದಳು. ನಾನು ಚಹಾ ಮರೆತು ನೋಡುತ್ತಿದ್ದೆ. ಅವಳು ಅಷ್ಟು ದೊಡ್ಡ ಜಾಗದ ನಡುವಿನಿಂದ ಎಂದಿನಂತೆ ಒಂದೇ ಬೀಸಿನಲ್ಲಿ ದಾಟಿ ಹೋದಳು. ಮಾರನೇ ದಿನವೂ ಅಷ್ಟೇ. ನನಗೆ ಸಿಟ್ಟು ಬಂತು. ಔರಾದಿನ ರಂಗೋಲಿಯೇ ಮತ್ತೆ ಎದುರಿಗೆ ಬಂದಂತಾಯಿತು. ಸಂಜೆ ಅವಳ ಮನೆಗೆ ಹೋಗಿ, "ಇಷ್ಟೆಲ್ಲಾ ಮಾಡೇವಿ, ನಿಂದ್ರಲಿಕ್ಕೆ ಏನಾಗ್ಯದ ನಿನಗ?" ಎಂದೆ.

ನಾಗಮ್ಮ ಸೆರಗು ಸರಿಮಾಡಿಕೊಂಡಳು. "ಜಾಗ ಛಲೋ ಅದರಿ ಬಾಯಾರ. ಆದ್ರ ನಡುರೋಡಿನ್ಯಾಗ ಹೆಣ್ಮಗಳು ಒಬ್ಬಾಕಿ ಹ್ಯಾಂಗ ನಿಂದರ್ಬೇಕ್ರಿ? ಎರಡೂ ಕಡಿಯಿಂದ ಮಂದಿ ನೋಡ್ತಾರ."

ನನ್ನ ಸಿಟ್ಟು ಇಳಿದುಹೋಯಿತು. ಜೀವಮಾನವೆಲ್ಲ ನಾನೂ ನಡುರಸ್ತೆಯಲ್ಲಿ ನಿಂತವಳೇ. ಆದರೆ ನನ್ನ ಪಕ್ಕದಲ್ಲಿ ಯಾವಾಗಲೂ ಕೆಲಸದವರು ಇರುತ್ತಿದ್ದರು, ಕೈಯಲ್ಲಿ ಅಳತೆಯ ಕೋಲು ಇರುತ್ತಿತ್ತು. ಅಷ್ಟಿದ್ದೂ ಗಾಡಿಗಳಿಂದ ಚುಚ್ಚುವ ಕಣ್ಣುಗಳು ನನಗೆ ಹೊಸದಲ್ಲ. ರಸ್ತೆಯಲ್ಲಿ ಓಡುವ ಹೆಂಗಸನ್ನು ಯಾರೂ ಏನೂ ಅನ್ನುವುದಿಲ್ಲ, ಸುಮ್ಮನೆ ನಿಂತವಳನ್ನು ಎಲ್ಲರೂ ದಿಟ್ಟಿಸುತ್ತಾರೆ. ನಾನು ಅಗಲ ಅಳೆದಿದ್ದೆ, ಇದನ್ನು ಅಳೆದಿರಲಿಲ್ಲ.

ಮರುದಿನ ನಾನೇ ಹೋಗಿ ಅವಳ ಪಕ್ಕದಲ್ಲಿ ನಿಂತೆ. ಹಿಂದಿನಿಂದ ಬಂದ ಮನ್ನಳ್ಳಿಯ ತರಕಾರಿಯವರಿಗೂ "ಇಲ್ಲಿ ನಿಂದರ್ರಿ, ಕೂಡೇ ಹೋಗೋಣ" ಎಂದೆ. ಒಬ್ಬಳು ನಿಂತಾಗ ಇದ್ದ ಮುಜುಗರ ನಾಲ್ವರು ನಿಂತಾಗ ಇರಲಿಲ್ಲ. ಎರಡು ದಿನದಲ್ಲಿ ನನ್ನ ಅಗತ್ಯವೇ ಬೀಳಲಿಲ್ಲ. ಓಣಿಯ ಬಾಯಲ್ಲಿ ಒಬ್ಬರಿಗೊಬ್ಬರು ಕಾದು, ಕೂಡಿ ಹೊರಡುವುದು ರೂಢಿಯಾಯಿತು. ಕೊಟ್ಟ ಗಡುವಿನ ಕೊನೆಯ ದಿನ ಸಾಹೇಬರು ಬಂದಾಗ ಮೂರು ಬುಟ್ಟಿಗಳು ನಡುವೆ ನಿಂತು ಹರಟೆ ಹೊಡೆಯುತ್ತಿದ್ದವು. ರಸ್ತೆ ಖಾಲಿಯಾದರೂ ಅವರಿಗೆ ಅವಸರವಿರಲಿಲ್ಲ.

"ಏನ್ ಮಾತಾಡ್ತಾ ಇದಾರೆ ಅಷ್ಟೊತ್ತು?" ಎಂದು ಕೇಳಿದರು ಸಾಹೇಬರು.

"ಮೆಂತ್ಯಪಲ್ಯದ ಸುದ್ದಿ ಸರ್."

"ಸಿಮೆಂಟ್ ಹಾಕ್ಸಿ" ಎಂದು ಹೇಳಿ ಜೀಪು ಹತ್ತಿದರು.

ಹಾಕಿಸಿದೆ. ಸಿಮೆಂಟು ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ನಾಗಮ್ಮ ಬುಟ್ಟಿ ಇಲ್ಲದೆ ಓಣಿಯ ಬಾಯಿಗೆ ಬಂದಳು. ಅವಳ ಕೈ ಹಿಡಿದುಕೊಂಡು ರತ್ನಮ್ಮ ಇದ್ದಳು. ನಾನು ಆಚೆ ಬದಿಯ ಚಹಾದಂಗಡಿಯ ಮುಂದೆ ಎದ್ದು ನಿಂತೆ. ಇಬ್ಬರೂ ಬಹಳ ಹೊತ್ತು ನಿಂತರು. ಎಷ್ಟೋ ಸಲ ದಾರಿ ಖಾಲಿಯಾಯಿತು, ರತ್ನಮ್ಮನ ಕಾಲು ಏಳಲಿಲ್ಲ. ತಿರುಗಿ ಹೋಗುತ್ತಾರೆ ಎಂದುಕೊಂಡೆ. ಹಾಗಾದರೆ ನಾವು ಮಾಡಿದ್ದೆಲ್ಲ ಯಾರಿಗಾಗಿ ಎಂದು ಮನಸ್ಸು ಮುದುಡಿತು. ಅಷ್ಟರಲ್ಲಿ ಇಬ್ಬರೂ ಹೆಜ್ಜೆ ಹಾಕಿದರು. ರತ್ನಮ್ಮ ಕುಂಟುತ್ತ, ನೆಲ ನೋಡುತ್ತ, ಅರ್ಧ ರಸ್ತೆ ದಾಟಿ ನಡುವಿನ ಜಾಗ ಸೇರಿದಳು.

ಗಾಡಿಗಳು ಅವಳ ಬೆನ್ನ ಹಿಂದೆಯೂ ಮುಂದೆಯೂ ಹೋದವು. ಅವಳು ನಾಗಮ್ಮನ ರಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿದ್ದಳು. ಸ್ವಲ್ಪ ಹೊತ್ತಿಗೆ ಮುಂದಿನ ದಾರಿ ಖಾಲಿಯಾಯಿತು.

"ಬಾ ರತ್ನಿ, ಏನೂ ಇಲ್ಲ" ಎಂದಳು ನಾಗಮ್ಮ.

ರತ್ನಮ್ಮ ಕಣ್ಣು ತೆರೆದಳು, ಆದರೆ ಕದಲಲಿಲ್ಲ. ಧೈರ್ಯ ಅರ್ಧ ದಾರಿಯಲ್ಲೇ ಮುಗಿಯಿತೇನೋ ಎಂದು ಹೆದರಿ ಕರೆತರಲು ನಾನು ಧಾವಿಸಿದೆ. ಹತ್ತಿರ ಹೋದಾಗ ಕಂಡೆ, ಅವಳು ನಾಗಮ್ಮನ ರಟ್ಟೆ ಬಿಟ್ಟಿದ್ದಳು. ಎರಡೂ ಕೈ ಖಾಲಿ ಇಟ್ಟುಕೊಂಡು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿರುಗಿ ಗಾಡಿಗಳನ್ನು ನೋಡುತ್ತಿದ್ದಳು.

"ತಡಿ ವೈನಿ," ಎಂದಳು, "ಇನ್ನೊಂದೀಟು ನಿಂದರ್ತೇನಿ."